ಕಾರ್ಡ್ ಬಂತು, ಆಟ ಬರಲಿಲ್ಲ

ನಮ್ಮ ಉಡುಪಿ, ಮಂಗಳೂರಿನ ಮಕ್ಕಳ ಕೈಗೆ ಪೋಕೆಮಾನ್ ಎಂಬ ಜಪಾನಿನ ಕಾಲ್ಪನಿಕ ಪ್ರಾಣಿಗಳ ಕಾರ್ಡ್ ಬಂದು ಸೇರಿದೆ. ಆ ಕಾರ್ಡ್ ಹಿಡಿದು ಇಬ್ಬರು ಎದುರುಬದುರು ಕೂತು ಆಡುವ ಆಟ ಮಾತ್ರ ಇನ್ನೂ ಬಂದಿಲ್ಲ. ರಥಬೀದಿಯ ಆಟಿಕೆ ಅಂಗಡಿ, ಹಂಪನಕಟ್ಟೆಯ ಫ್ಯಾನ್ಸಿ ಸ್ಟೋರ್, ಜಾತ್ರೆಯ ಸಂತೆ, ಎಲ್ಲಿ ನೋಡಿದರೂ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡಿನ ಕಟ್ಟು ನೇತಾಡುತ್ತಿರುತ್ತದೆ. ಕಟ್ಟಿಗೆ 55 ಕಾರ್ಡ್, ಬೆಲೆ ನೂರೋ ನೂರೈವತ್ತೋ. ಚೌಕಾಸಿ ಮಾಡಿದರೆ ಇನ್ನೂ ಕಮ್ಮಿ.

ಇವೆಲ್ಲ ನಕಲಿ ಎಂದು ಮಾರುವವನಿಗೂ ಗೊತ್ತು, ಕೊಡಿಸುವ ಅಪ್ಪನಿಗೂ ಗೊತ್ತು. ನಕಲಿ ಎನ್ನುವುದು ನನ್ನ ದೊಡ್ಡ ತಕರಾರಲ್ಲ. ಅಷ್ಟು ದುಡ್ಡಿಗೆ ಮಗು ಒಂದು ವಾರ ಖುಷಿಯಾಗಿದ್ದರೆ ಆಯ್ತು ಬಿಡಿ. ತಕರಾರು ಏನೆಂದರೆ, ಆ ಕಟ್ಟಿನಿಂದ ಆಡಲಿಕ್ಕೇ ಆಗುವುದಿಲ್ಲ. ಈ ಆಟದಲ್ಲಿ ಒಂದು ಪೋಕೆಮಾನ್ ದಾಳಿ ಮಾಡಬೇಕಾದರೆ ಸಾಮಾನ್ಯವಾಗಿ ಅದಕ್ಕೆ ಎನರ್ಜಿ ಕಾರ್ಡ್ ಜೋಡಿಸಬೇಕು. ದೊಡ್ಡ ಪೋಕೆಮಾನ್ ಮೇಜಿಗೆ ಬರಬೇಕಾದರೆ ಹೆಚ್ಚಾಗಿ ಅದರ ಚಿಕ್ಕ ರೂಪ ಮೊದಲೇ ಬಂದು ಕೂತಿರಬೇಕು. ಚಿನ್ನದ ಕಟ್ಟಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ದೊಡ್ಡವೇ. ಎಲ್ಲರೂ ರಾಜರು, ಸೈನಿಕರೇ ಇಲ್ಲ. ಹಾಗಾಗಿ ಮಕ್ಕಳು ಮಾಡುವುದು ಎರಡೇ ಕೆಲಸ. ಯಾರ ಕಾರ್ಡಿನಲ್ಲಿ ನಂಬರ್ ಜಾಸ್ತಿ ಎಂದು ಹೋಲಿಸುವುದು. ಇಲ್ಲ, ನೆಲದ ಮೇಲಿಟ್ಟು ಅಂಗೈಯಲ್ಲಿ ಹೊಡೆದು ಮಗುಚುವುದು. ನಾವು ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಹಿಡಿದು ಎತ್ತರ, ತೂಕ, ರ‍್ಯಾಂಕ್ ಎಂದು ಕೂಗುತ್ತಿದ್ದದ್ದೂ, ಚಿಪ್ಸ್ ಪ್ಯಾಕೆಟ್ಟಿನ ಟಾಜೊ ಹೊಡೆಯುತ್ತಿದ್ದದ್ದೂ ಇದೇ ತಾನೆ?

ನಾನಿರುವುದು ಜಪಾನಿನ ನಗೋಯಾದಲ್ಲಿ. ಕಾರಿನ ಬಿಡಿಭಾಗದ ಕಂಪನಿಯಲ್ಲಿ ಕೆಲಸ. ಇಲ್ಲಿ ಊರ ನಡುವೆ ಒಸು ಎನ್ನುವ ಪೇಟೆ ಇದೆ. ಒಸು ಕನ್ನೊನ್ ಎಂಬ ಬೌದ್ಧ ದೇವಸ್ಥಾನದ ಸುತ್ತ ಬೆಳೆದ ಹಳೇ ಪೇಟೆ. ಬೀದಿಗಳಿಗೇ ಮಾಡು ಹಾಕಿದ್ದಾರೆ, ಮಳೆ ಬಂದರೂ ಕೊಡೆ ಬೇಡ. ದೇವಸ್ಥಾನದ ಎದುರು ಪಾರಿವಾಳದ ಹಿಂಡು, ಪಕ್ಕದಲ್ಲಿ ತಿಂಡಿ ಅಂಗಡಿ, ಹಳೇ ಬಟ್ಟೆ, ಹಳೇ ಕ್ಯಾಮೆರಾ, ನಡುನಡುವೆ ಕಾರ್ಡ್ ಅಂಗಡಿಗಳು. ದೇವರ ಬಾಗಿಲಲ್ಲೇ ವ್ಯಾಪಾರ ನಡೆಯುವುದು ಉಡುಪಿಯವನಿಗೆ ಹೊಸದೇನಲ್ಲ. ಹೊಸದಾಗಿ ಕಂಡದ್ದು ಆ ಕಾರ್ಡ್ ಅಂಗಡಿಗಳ ಒಳಗಿನ ವ್ಯವಸ್ಥೆ.

ಒಳಗೆ ಹೋದರೆ ಮೊದಲು ಗಾಜಿನ ಕಪಾಟು. ಸಾವಿರಾರು ಯೆನ್ ಬೆಲೆಯ ಹೊಳೆಯುವ ಕಾರ್ಡುಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ. ಪ್ರವಾಸಿಗಳು ಅಲ್ಲೇ ನಿಂತು ಫೋಟೋ ತೆಗೆದು ಹೋಗುತ್ತಾರೆ. ಅದನ್ನು ದಾಟಿದರೆ ಉದ್ದುದ್ದ ಪೆಟ್ಟಿಗೆಗಳು. ಅದರೊಳಗೆ ಹತ್ತು ಯೆನ್, ಮೂವತ್ತು ಯೆನ್‌ನ ಸಾಧಾರಣ ಕಾರ್ಡುಗಳು, ಸಾವಿರಗಟ್ಟಲೆ. ಹುಡುಗರು ಬಗ್ಗಿ ನಿಂತು ಒಂದೊಂದೇ ಮಗುಚುತ್ತಾ ತಮಗೆ ಬೇಕಾದ್ದನ್ನು ಹೆಕ್ಕುತ್ತಿರುತ್ತಾರೆ. ಅದರ ಆಚೆಗೆ, ಅಂಗಡಿಯ ಹಿಂದಿನ ಭಾಗದಲ್ಲೋ ಮೇಲಿನ ಮಾಳಿಗೆಯಲ್ಲೋ, ಮೇಜು ಮತ್ತು ಕುರ್ಚಿ. ಅದಕ್ಕೆ ಡ್ಯೂಯಲ್ ಸ್ಪೇಸ್ ಎನ್ನುತ್ತಾರೆ. ಯಾರು ಬೇಕಾದರೂ ಬಂದು ಕೂತು ಆಡಬಹುದು. ಕೆಲವು ಕಡೆ ಸ್ವಲ್ಪ ಬಾಡಿಗೆ, ಹಲವು ಕಡೆ ಪುಕ್ಕಟೆ.

ಶನಿವಾರ ಸಂಜೆ ಅಲ್ಲಿ ಕೂತವರನ್ನು ನೋಡಬೇಕು. ಸ್ಕೂಲ್ ಬ್ಯಾಗ್ ಕೆಳಗಿಟ್ಟ ಹುಡುಗ. ಎದುರಿಗೆ ಟೈ ಸಡಿಲ ಮಾಡಿಕೊಂಡ ಐವತ್ತರ ಗಂಡಸು. ಪಕ್ಕದ ಮೇಜಿನಲ್ಲಿ ಅಪ್ಪ, ಮಗಳು. ಆಟ ಶುರುವಾಗುವ ಮೊದಲು ಇಬ್ಬರೂ ತಲೆ ಬಾಗಿಸಿ 'ಒನೆಗೈಶಿಮಾಸ್', ಅಂದರೆ ದಯವಿಟ್ಟು, ಎನ್ನುತ್ತಾರೆ. ನನ್ನ ಕಟ್ಟನ್ನು ನಾನು ಕಲಸಿ ಎದುರಾಳಿಗೆ ಕೊಡಬೇಕು, ಅವನು ಇನ್ನೊಮ್ಮೆ ಕಲಸಿಯೋ ಕಟ್ ಮಾಡಿಯೋ ವಾಪಸ್ ಕೊಡುತ್ತಾನೆ. ಸೋತವನೂ 'ಅರಿಗಾತೋ ಗೊಜಾಯಿಮಾಷ್ಟಾ', ಅಂದರೆ ಧನ್ಯವಾದ, ಎಂದೇ ಏಳುತ್ತಾನೆ. ಆಮೇಲೆ ಕಾರ್ಡುಗಳನ್ನು ಮತ್ತೆ ಹರವಿಕೊಂಡು, 'ಆ ಹೊತ್ತಿಗೆ ನೀನು ಇದನ್ನು ಇಳಿಸಿದ್ದರೆ ನಾನು ಸೋಲುತ್ತಿದ್ದೆ' ಎಂದು ಇಬ್ಬರೂ ಮಾತಾಡುತ್ತಾರೆ. ಐವತ್ತರ ಗಂಡಸಿಗೆ ಹತ್ತರ ಹುಡುಗ ಪಾಠ ಹೇಳುತ್ತಿರುತ್ತಾನೆ. ಅದರಲ್ಲಿ ಯಾರಿಗೂ ಮುಜುಗರ ಇಲ್ಲ.

ನನಗೆ ಜಪಾನಿ ಬರಹದ ಕಾಂಜಿ ಅಕ್ಷರ ಸ್ವಲ್ಪ ಹಿಡಿತಕ್ಕೆ ಬಂದದ್ದೂ ಈ ಕಾರ್ಡುಗಳಿಂದ. ಮಕ್ಕಳಿಗಾಗಿ ಪ್ರತಿ ಕಾಂಜಿಯ ನೆತ್ತಿಯ ಮೇಲೆ ಅದರ ಉಚ್ಚಾರಣೆಯನ್ನು ಚಿಕ್ಕದಾಗಿ ಅಚ್ಚು ಹಾಕಿರುತ್ತಾರೆ. ಆಫೀಸಿನ ಕಾಗದಪತ್ರದಲ್ಲಿ ಇಷ್ಟು ದಯೆ ಇರುವುದಿಲ್ಲ.

ಒಸುವಿನಲ್ಲಿ ನಿಜವಾಗಿ ಆಡುವವರು ಪ್ಯಾಕ್ ಒಡೆಯುವುದು ಕಮ್ಮಿ. ಇದು ನನಗೆ ತಡವಾಗಿ ಅರ್ಥವಾಯಿತು. ಜಪಾನಿನಲ್ಲಿ ಪೋಕೆಮಾನ್‌ನ ಮಾಮೂಲಿ ಪ್ಯಾಕ್‌ಗೆ 180 ಯೆನ್, ನಮ್ಮ ನೂರು ರೂಪಾಯಿಯ ಆಸುಪಾಸು. ಒಳಗೆ 5 ಕಾರ್ಡ್, ಯಾವುವು ಎಂದು ಒಡೆಯುವವರೆಗೆ ಗೊತ್ತಿಲ್ಲ. ಆಡಲು ಬೇಕಾದದ್ದು 60 ಕಾರ್ಡಿನ ಕಟ್ಟು. ಅದರಲ್ಲಿ ಮೂಲ ಎನರ್ಜಿ ಬಿಟ್ಟು ಒಂದೇ ಹೆಸರಿನದ್ದು 4ಕ್ಕಿಂತ ಹೆಚ್ಚು ಇರಬಾರದು. ಬೇಕಾದ ಕಾರ್ಡ್ ಸಿಗಲಿ ಎಂದು ಪ್ಯಾಕ್ ಒಡೆಯುತ್ತಾ ಕೂತರೆ ಸಂಬಳ ಮುಗಿದರೂ ಕಟ್ಟು ಮುಗಿಯುವುದಿಲ್ಲ. ಆದ್ದರಿಂದ ಆಡುವವರು ಪೆಟ್ಟಿಗೆಯಿಂದ ಬಿಡಿಬಿಡಿಯಾಗಿ ಕೊಳ್ಳುತ್ತಾರೆ. ಮೂವತ್ತು ಯೆನ್‌ನ ಒಂದು ಸಪ್ಪೆ ಕಾರ್ಡ್, ಕಟ್ಟಿನಿಂದ ಬೇಕಾದ ಇನ್ನೊಂದು ಕಾರ್ಡನ್ನು ಹುಡುಕಿ ತರುವಂಥದ್ದು, ಎಷ್ಟೋ ಪಂದ್ಯ ಗೆಲ್ಲಿಸಿಬಿಡುತ್ತದೆ. ಈ ಸಪ್ಪೆ ಕಾರ್ಡ್ ಯಾವ ರೀಲ್ಸ್‌ನಲ್ಲೂ ಬರುವುದಿಲ್ಲ.

ರೀಲ್ಸ್‌ನಲ್ಲಿ ಬರುವುದೇ ಬೇರೆ. ಪ್ಯಾಕ್ ಹರಿಯುವ ಸದ್ದು. ಒಂದೊಂದೇ ಕಾರ್ಡ್ ಸರಿಸುವುದು. ಕೊನೆಯ ಕಾರ್ಡ್ ಬರುವಾಗ ಉಸಿರು ಬಿಗಿ ಹಿಡಿಯುವುದು. ಆಮೇಲೆ ಕಿರುಚಾಟ. ಅಷ್ಟೇ. ಅಲ್ಲಿಗೆ ವಿಡಿಯೋ ಮುಗಿಯಿತು. ಆ ಕಾರ್ಡ್ ಆಮೇಲೆ ಏನಾಯಿತು ಎಂದು ಯಾರೂ ತೋರಿಸುವುದಿಲ್ಲ.

ಉಡುಪಿಯಲ್ಲಿ ಅಕ್ಕನ ಮಗ ಆರನೇ ಕ್ಲಾಸು. ಅವನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಕಾರ್ಡ್ ಇದೆ. ಕಳೆದ ಸಲ ರಜೆಗೆ ಹೋದಾಗ ಹರವಿ ತೋರಿಸಿದ.

"ಇದರಲ್ಲಿ ಒಳ್ಳೇದು ಯಾವುದು ಮಾರಾಯ?" ಎಂದೆ.

"ಈ ಚಾರಿಜಾರ್ಡ್ ಮಾವ. ಇದಕ್ಕೆ ಲಕ್ಷಗಟ್ಟಲೆ ಉಂಟು."

"ಯಾರು ಹೇಳಿದ್ದು?"

"ವಿಡಿಯೋದಲ್ಲಿ ಉಂಟಲ್ಲ."

"ಸರಿ, ಇದು ಎಂಥ ಮಾಡ್ತದೆ?"

"ಎಂಥ ಮಾಡುದು? ಮಾರುದು."

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಯಾರು ಏನು ಕಲಿಸಿದ್ದಾರೋ ಅದನ್ನೇ ಹೇಳಿದ. ಕಲಿಸಿದವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವನು ಅಮೆರಿಕದ ಯೂಟ್ಯೂಬರ್, ಬಾಕ್ಸಿಂಗ್‌ಗೂ ಕುಸ್ತಿಗೂ ಇಳಿದ ಲೋಗನ್ ಪಾಲ್. ಕೊರೊನಾ ಕಾಲದಲ್ಲಿ ಜನ ಮನೆಯೊಳಗೆ ಕೂತಿದ್ದಾಗ, 2020ರ ಅಕ್ಟೋಬರ್‌ನಲ್ಲಿ, ಹಳೇ ಪೋಕೆಮಾನ್ ಪೆಟ್ಟಿಗೆಯೊಂದನ್ನು ಲೈವ್‌ನಲ್ಲಿ ಒಡೆದ. ಲಕ್ಷಾಂತರ ಜನ ನೋಡಿದರು. 2021ರ ಜೂನ್‌ನಲ್ಲಿ ಫ್ಲಾಯ್ಡ್ ಮೇವೆದರ್ ಎದುರು ಬಾಕ್ಸಿಂಗ್ ಕಣಕ್ಕೆ ಬಂದಾಗ ಕೊರಳಲ್ಲಿ ಚಾರಿಜಾರ್ಡ್ ಕಾರ್ಡಿನ ಸರ. ಆಮೇಲೆ ಮೊದಲ ಮುದ್ರಣದ, ಸೀಲ್ ಒಡೆಯದ ಪೆಟ್ಟಿಗೆಗಳು ಎಂದು 35 ಲಕ್ಷ ಡಾಲರ್ ಕೊಟ್ಟು ಒಂದು ಕೇಸ್ ಕೊಂಡ. ಆಗಿನ ಲೆಕ್ಕದಲ್ಲಿ ಸುಮಾರು 26 ಕೋಟಿ ರೂಪಾಯಿ. 2022ರ ಜನವರಿಯಲ್ಲಿ ಅದನ್ನು ಒಡೆದು ನೋಡಿದರೆ ಒಳಗಿದ್ದದ್ದು ಜಿ.ಐ. ಜೋ ಎಂಬ ಬೇರೆ ಯಾವುದೋ ಆಟಿಕೆಯ ಕಾರ್ಡುಗಳು! ತಜ್ಞರು ಅಸಲಿ ಎಂದು ಮುದ್ರೆ ಒತ್ತಿದ್ದ ಕೇಸ್ ಅದು. ಆ ವಿಡಿಯೋವನ್ನೂ ಜನ ಮುಗಿಬಿದ್ದು ನೋಡಿದರು. ಅವನ ಮಟ್ಟಿಗೆ ಮೋಸ ಹೋದದ್ದೂ ಒಂದು ಶೋ.

ಅದಕ್ಕೂ ಮೊದಲು, 2021ರ ಜುಲೈನಲ್ಲಿ, ಅವನು 52.75 ಲಕ್ಷ ಡಾಲರ್‌ಗೆ ಒಂದು ಪಿಕಾಚು ಕಾರ್ಡ್ ಕೊಂಡ. ಗಿನ್ನೆಸ್ ದಾಖಲೆಯೂ ಆಯಿತು. ಆ ಕಾರ್ಡಿನ ಹುಟ್ಟಿನ ಕಥೆ ಹೇಳಲೇಬೇಕು. 1997-98ರಲ್ಲಿ ಜಪಾನಿನ ಕೊರೊಕೊರೊ ಎಂಬ ಮಕ್ಕಳ ಪತ್ರಿಕೆ ಚಿತ್ರ ಬಿಡಿಸುವ ಸ್ಪರ್ಧೆ ಇಟ್ಟಿತ್ತು. ಗೆದ್ದವರಿಗೆ ಬಹುಮಾನವಾಗಿ ಕೊಟ್ಟ ಕಾರ್ಡ್ ಅದು. ಒಟ್ಟು 40ರ ಆಸುಪಾಸು. ಅಂಗಡಿಯಲ್ಲಿ ಅದನ್ನು ಮಾರಿದ್ದೇ ಇಲ್ಲ. ಆಟದಲ್ಲಿ ಅದಕ್ಕೆ ಕೆಲಸವೂ ಇಲ್ಲ. ಚೆನ್ನಾಗಿ ಚಿತ್ರ ಬಿಡಿಸಿದ ಮಗುವಿಗೆ 'ಶಹಬ್ಬಾಸ್' ಎಂದು ಕೊಟ್ಟದ್ದು, ಇಪ್ಪತ್ತೈದು ವರ್ಷದಲ್ಲಿ ಕುಸ್ತಿ ಕಣದಲ್ಲಿ ಕೊರಳಿಗೆ ತೂಗುಹಾಕಿಕೊಳ್ಳುವ ಒಡವೆ ಆಯಿತು. ನನಗಂತೂ ಆ ಮೋಸದ ಪೆಟ್ಟಿಗೆಗಿಂತ ಈ ಅಸಲಿ ಕಾರ್ಡಿನ ಕಥೆಯೇ ಜಾಸ್ತಿ ಬೇಸರ ತರಿಸುತ್ತದೆ.

ಈ ಗಲಾಟೆಯ ಪೆಟ್ಟು ಬಿದ್ದದ್ದು ಸಾಮಾನ್ಯರಿಗೆ. ಕಾರ್ಡಿನ ಗುಣಮಟ್ಟ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಪಿಎಸ್‌ಎ ಕಂಪನಿಗೆ ಕಾರ್ಡಿನ ರಾಶಿ ಬಂದು ಬಿತ್ತು. 2021ರ ಮಾರ್ಚ್ ಕೊನೆಗೆ ಅಗ್ಗದ ದರದ ಸೇವೆಗಳನ್ನೇ ಅವರು ನಿಲ್ಲಿಸಬೇಕಾಯಿತು. ಮೇ ತಿಂಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಟಾರ್ಗೆಟ್ ಎಂಬ ದೊಡ್ಡ ಅಂಗಡಿಯ ಪಾರ್ಕಿಂಗ್‌ನಲ್ಲಿ ಕ್ರೀಡಾ ಕಾರ್ಡ್ ಕೊಂಡವನ ಮೇಲೆ ಹಲ್ಲೆಯಾಗಿ, ಅವನು ಪಿಸ್ತೂಲು ತೆಗೆದ. ಟಾರ್ಗೆಟ್ ತನ್ನ ಅಂಗಡಿಗಳಲ್ಲಿ ಪೋಕೆಮಾನ್ ಸೇರಿ ಕಾರ್ಡ್ ಮಾರಾಟವನ್ನೇ ಕೆಲಕಾಲ ನಿಲ್ಲಿಸಿತು. ಮಕ್ಕಳ ಆಟದ ಕಾರ್ಡಿಗೆ ಪಿಸ್ತೂಲು!

ಅಂಕ ಕೊಟ್ಟ ಕಾರ್ಡನ್ನು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮುಚ್ಚಿ ಕೊಡುತ್ತಾರೆ. ಅದನ್ನು ಮತ್ತೆ ಕಟ್ಟಿಗೆ ಸೇರಿಸಿ ಕಲಸುವಂತಿಲ್ಲ. ಅಲ್ಲಿಗೆ ಅದರ ಆಟದ ಆಯುಷ್ಯ ಮುಗಿಯಿತು.

ಇನ್ನು ನಮ್ಮ ಕಡೆಯ ಹಿರಿಯರ ಮಾತು. ನಾನು ನಗೋಯಾದಲ್ಲಿ ರಜಾದಿನ ಕಾರ್ಡ್ ಆಡಲು ಹೋಗುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಇಸ್ಪೀಟ್ ಹಿಡಿದವ ಉದ್ಧಾರ ಆಗ್ಲಿಕ್ಕಿಲ್ಲ, ನಿನ್ನ ಅಜ್ಜ ಹೇಳ್ತಿದ್ರು" ಎಂದರು. ಅವರ ಹೆದರಿಕೆಗೆ ಕಾರಣ ಇದೆ. ನಮ್ಮ ಕರಾವಳಿಯ ಪೇಪರಿನಲ್ಲಿ 'ಅಂದರ್ ಬಾಹರ್ ಆಡುತ್ತಿದ್ದವರ ಬಂಧನ' ಎಂಬ ಸುದ್ದಿ ಮಳೆ ಸುದ್ದಿಯಷ್ಟೇ ಮಾಮೂಲಿ. ಎಲೆ ಒಳಗೆ ಬಿತ್ತೋ ಹೊರಗೆ ಬಿತ್ತೋ, ಅಷ್ಟೇ ಆಟ. ಯೋಚನೆಗೆ ಅಲ್ಲಿ ಜಾಗವೇ ಇಲ್ಲ. ಅದೇ ಎಲೆಗಳಲ್ಲಿ ರಮ್ಮಿ ಆಡಿದರೆ ಬೇರೆ ಲೆಕ್ಕ. ಯಾವ ಎಲೆ ಬಿದ್ದಿದೆ ಎಂದು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತೂಗಬೇಕು. ಅದಕ್ಕೇ 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದಿತ್ತು. ಆಮೇಲೆ ಮೊಬೈಲ್ ರಮ್ಮಿ ಬಂದು ಎಷ್ಟು ಮನೆ ಹಾಳಾಯಿತು ಎಂಬುದು ಬೇರೆ ವಿಷಯ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ, ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ತಂದಿತು.

ಈ ತಕ್ಕಡಿಯಲ್ಲಿಟ್ಟು ನೋಡಿದರೆ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ತಮಾಷೆಯಾಗಿದೆ. ಮಗ ಎದುರಿಗೆ ಒಬ್ಬನನ್ನು ಕೂರಿಸಿಕೊಂಡು ಕಾರ್ಡ್ ಆಡಿದರೆ ಅಪ್ಪನಿಗೆ ಜೂಜಿನ ವಾಸನೆ ಬರುತ್ತದೆ. ಅದೇ ಮಗ ಸೋಫಾದಲ್ಲಿ ಒಬ್ಬನೇ ಕೂತು ಪ್ಯಾಕ್ ಮೇಲೆ ಪ್ಯಾಕ್ ಹರಿದರೆ, 'ಪಾಪ, ಸಂಗ್ರಹ ಮಾಡ್ತಾನೆ' ಎನ್ನುತ್ತಾರೆ. ಅಂದರ್ ಬಾಹರ್‌ಗೆ ಹತ್ತಿರ ಇರುವುದು ಇವೆರಡರಲ್ಲಿ ಯಾವುದು? ದುಡ್ಡು ಕೊಟ್ಟು ಮುಚ್ಚಿದ ಪೊಟ್ಟಣ ಕೊಳ್ಳುವುದು, ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ನೋಡುವುದು, ಬೀಳದಿದ್ದರೆ ಇನ್ನೊಂದು. ಅಜ್ಜ ಹೇಳಿದ ಮಾತು ಸರಿಯೇ, ಅನ್ವಯಿಸುತ್ತಿರುವ ಜಾಗ ತಪ್ಪು.

ಹೈಪ್ ಎನ್ನುವುದು ಬರುತ್ತದೆ, ಹೋಗುತ್ತದೆ. ಅಮೆರಿಕದಲ್ಲಿ ಬೇಸ್‌ಬಾಲ್ ಕಾರ್ಡುಗಳಿಗೆ 1980ರ ದಶಕದ ಕೊನೆಯಲ್ಲಿ ಇದೇ ಹುಚ್ಚು ಹಿಡಿದಿತ್ತು. ಮುಂದೆ ಬೆಲೆ ಬರುತ್ತದೆ ಎಂದು ಜನ ಪೆಟ್ಟಿಗೆಗಟ್ಟಲೆ ಕೊಂಡಿಟ್ಟರು. ಕಂಪನಿಗಳೂ ಬೇಕಾಬಿಟ್ಟಿ ಅಚ್ಚು ಹಾಕಿದವು. ಈಗ ಆ ಕಾಲದ ಹೆಚ್ಚಿನ ಕಾರ್ಡುಗಳಿಗೆ ಹೇಳಿಕೊಳ್ಳುವ ಬೆಲೆ ಇಲ್ಲ. ಪೋಕೆಮಾನ್ ಕಾರ್ಡ್ ಕೂಡ ಅಪರೂಪದ ವಸ್ತು ಏನಲ್ಲ. 2025ರ ಮಾರ್ಚ್‌ವರೆಗೆ 7,500 ಕೋಟಿಗೂ ಹೆಚ್ಚು ಕಾರ್ಡ್ ಅಚ್ಚಾಗಿದೆ ಎಂದು ಕಂಪನಿಯೇ ಹೇಳುತ್ತದೆ. ಭೂಮಿಯ ಮೇಲಿರುವ ಪ್ರತಿಯೊಬ್ಬರಿಗೂ ಒಂಬತ್ತು ಕೊಡಬಹುದು. ಡಬ್ಬಿಯಲ್ಲಿಟ್ಟ ಕಾರ್ಡ್ ಮಗಳ ಮದುವೆಗೆ ಆದೀತು ಎಂದುಕೊಳ್ಳುವವರು ಈ ಸಂಖ್ಯೆಯನ್ನು ಒಮ್ಮೆ ನೋಡಲಿ.

ಹಾಗಿದ್ದರೆ ಈ ಬಗೆಯ ಆಟ ಮೂವತ್ತು ವರ್ಷದಿಂದ ಹೇಗೆ ನಿಂತಿದೆ? ಶುರುವಾದದ್ದು ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದಿಂದ, 1993ರ ಆಗಸ್ಟ್‌ನಲ್ಲಿ. ಮಾಡಿದವನು ರಿಚರ್ಡ್ ಗಾರ್ಫೀಲ್ಡ್, ಗಣಿತದಲ್ಲಿ ಡಾಕ್ಟರೇಟ್ ಮಾಡಿದವನು. ಅವನು ಮೊದಲು ಬೇರೊಂದು ಬೋರ್ಡ್ ಆಟ ಹಿಡಿದುಕೊಂಡು ವಿಝರ್ಡ್ಸ್ ಆಫ್ ದ ಕೋಸ್ಟ್ ಎಂಬ ಚಿಕ್ಕ ಕಂಪನಿಗೆ ಹೋಗಿದ್ದ. ಅವರು, ಅದಕ್ಕೆ ಖರ್ಚು ಜಾಸ್ತಿ, ಕಿಸೆಯಲ್ಲಿ ಇಟ್ಟುಕೊಂಡು ಹೋಗಿ ಬೇಗ ಆಡಿ ಮುಗಿಸುವಂಥದ್ದು ಏನಾದರೂ ಕೊಡಿ ಎಂದರು. ಹಾಗೆ ಹುಟ್ಟಿತು. ಎಲ್ಲ ಕಾರ್ಡೂ ಯಾರ ಹತ್ತಿರವೂ ಇರಬಾರದು, ಎದುರಾಳಿಯ ಕಟ್ಟಿನಲ್ಲಿ ಏನಿದೆಯೋ ಗೊತ್ತಿರಬಾರದು, ಬೇಕಾದ್ದು ಬೇಕಾದರೆ ಇನ್ನೊಬ್ಬನ ಜತೆ ಮಾತಾಡಿ ಬದಲಾಯಿಸಿಕೊಳ್ಳಬೇಕು. ಇದು ಅವನ ಯೋಚನೆ. ಅಂದರೆ ಇನ್ನೊಬ್ಬ ಮನುಷ್ಯ ಇಲ್ಲದೆ ಈ ಕಾರ್ಡಿಗೆ ಅರ್ಥವೇ ಇಲ್ಲ.

ಮ್ಯಾಜಿಕ್‌ಗೂ ಹೈಪ್‌ನ ಕಾಯಿಲೆ ಬೇಗನೇ ಬಂತು. 1995ರಲ್ಲಿ ಕಂಪನಿ ಹಳೇ ಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿತು. ಕೂಡಿಟ್ಟವರು ಬೆಲೆ ಬಿತ್ತು ಎಂದು ಕೂಗಾಡಿದರು. 1996ರಲ್ಲಿ ಕಂಪನಿ ಹೆದರಿ, ಇಂತಿಂಥ ಕಾರ್ಡುಗಳನ್ನು ಇನ್ನು ಮುದ್ರಿಸುವುದಿಲ್ಲ ಎಂದು ಪಟ್ಟಿ ಮಾಡಿ ಮಾತು ಕೊಟ್ಟಿತು. ಆ ಮಾತಿನಿಂದಾಗಿ ಆ ಕಾರ್ಡುಗಳು ಇವತ್ತು ಸಾಮಾನ್ಯ ಆಟಗಾರನ ಕೈಗೆಟುಕುವುದಿಲ್ಲ. ಆದರೆ ಅದೇ 1996ರಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು. ಬಹುಮಾನದ ಹಣ ಇಟ್ಟು ಪ್ರೊ ಟೂರ್ ಎಂಬ ಪಂದ್ಯಾವಳಿ ಶುರು ಮಾಡಿದರು. ಆಟವನ್ನು ಉಳಿಸಿದ್ದು ಆ ಪಟ್ಟಿಯಲ್ಲ, ಈ ಪಂದ್ಯಾವಳಿ. ಇದು ನನ್ನ ಅಭಿಪ್ರಾಯ, ಕೂಡಿಡುವವರು ಒಪ್ಪಲಿಕ್ಕಿಲ್ಲ. ಪೋಕೆಮಾನ್‌ನದ್ದೂ ಅದೇ ದಾರಿ. 1996ರಲ್ಲಿ ಜಪಾನಿನಲ್ಲಿ ಬಂತು, 1999ರಲ್ಲಿ ಇಂಗ್ಲಿಷಿಗೆ ಹೋಯಿತು. ಈಗ ವರ್ಷವರ್ಷ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತದೆ. 2023ರದ್ದು ಇಲ್ಲೇ ಯೊಕೊಹಾಮಾದಲ್ಲಿ ಆಗಿತ್ತು. ವಯಸ್ಸಿನ ಪ್ರಕಾರ ಮೂರು ವಿಭಾಗ. ಒಂದೇ ಮನೆಯ ಅಪ್ಪ, ಅಣ್ಣ, ತಂಗಿ ಒಂದೇ ದಿನ ಬೇರೆ ಬೇರೆ ಮೇಜಿನಲ್ಲಿ ಆಡಬಹುದು.

ನಮ್ಮೂರಿನವರಿಗೆ ಇದನ್ನು ಹೇಳುವಾಗ ನಾನು ತಾಳಮದ್ದಳೆಯ ಉದಾಹರಣೆ ಕೊಡುತ್ತೇನೆ. ಪ್ರಸಂಗ ಒಂದೇ, ಪದ್ಯವೂ ಅದೇ, ಕೊನೆಗೆ ಯಾರು ಸೋಲುತ್ತಾರೆ ಎಂಬುದೂ ಎಲ್ಲರಿಗೂ ಗೊತ್ತು. ಆದರೂ ಮಳೆಗಾಲದ ರಾತ್ರಿ ಕೊಡೆ ಹಿಡಿದು ಹೋಗುತ್ತೇವೆ. ಯಾಕೆ? ಇವತ್ತು ಕೌರವನ ಪಾತ್ರಕ್ಕೆ ಯಾರು, ಎದುರಿಗೆ ಕೃಷ್ಣ ಯಾರು, ಇವನ ಮಾತಿಗೆ ಅವನು ಏನು ಅರ್ಥ ಹೇಳುತ್ತಾನೆ ಎಂದು ಕೇಳಲಿಕ್ಕೆ. ಕಾರ್ಡ್ ಆಟದ ಸೆಳೆತವೂ ಅಲ್ಲೇ ಇದೆ. ನನ್ನ ಹತ್ತಿರವೂ ಅವೇ 60, ಅವನ ಹತ್ತಿರವೂ ಅವೇ 60 ಎಂದೇ ಇಟ್ಟುಕೊಳ್ಳಿ. ಎದುರಿಗೆ ಕೂತವನು ಬದಲಾದರೆ ಆಟವೇ ಬದಲಾಗುತ್ತದೆ. ಪದ್ಯದ ಪುಸ್ತಕವನ್ನು ಗಾಜಿನ ಕಪಾಟಿನಲ್ಲಿಟ್ಟು ಅದರ ಬೆಲೆ ಹೇಳುತ್ತಾ ಕೂತರೆ ಯಾರಾದರೂ ತಾಳಮದ್ದಳೆ ಅನ್ನುತ್ತಾರಾ?

ಜಪಾನಿನವರು ದೊಡ್ಡ ಸಭ್ಯರು, ನಾವು ಹೀಗೆ ಎಂದು ಹೇಳಲು ಹೊರಟಿಲ್ಲ. ಹೊರದೇಶದಲ್ಲಿ ಕೂತು ಊರನ್ನು ಬೈಯುವವರ ಜತೆ ನನಗೂ ಆಗುವುದಿಲ್ಲ. ಇಲ್ಲೂ ಹುಚ್ಚು ಇದೆ, ಇನ್ನೂ ಜಾಸ್ತಿಯೇ ಇದೆ. 2025ರ ಆಗಸ್ಟ್‌ನಲ್ಲಿ ಜಪಾನಿನ ಮೆಕ್‌ಡೊನಾಲ್ಡ್ಸ್ ಮಕ್ಕಳ ಊಟದ ಜತೆ ಪೋಕೆಮಾನ್ ಕಾರ್ಡ್ ಕೊಡುತ್ತೇವೆ ಎಂದಿತು. ದಲ್ಲಾಳಿಗಳು ರಾಶಿ ರಾಶಿ ಊಟ ಕೊಂಡು, ಕಾರ್ಡ್ ತೆಗೆದುಕೊಂಡು, ಬರ್ಗರ್‌ಗಳನ್ನು ಬೀದಿಯಲ್ಲಿ ಬಿಟ್ಟು ಹೋದರು. ಮಕ್ಕಳಿಗೆ ಕಾರ್ಡ್ ಸಿಗಲಿಲ್ಲ. ಕಂಪನಿ ಕ್ಷಮೆ ಕೇಳಿತು. ಊಟದ ಮುಂದೆ ಕೈಮುಗಿದು 'ಇತಾದಾಕಿಮಾಸ್', ಅಂದರೆ ವಿನಯದಿಂದ ಸ್ವೀಕರಿಸುತ್ತೇನೆ, ಎನ್ನುವ ದೇಶದಲ್ಲಿ ಅನ್ನ ಬೀದಿಪಾಲು. ನನ್ನ ಆಫೀಸಿನಲ್ಲಿ ಒಂದು ವಾರ ಇದೇ ಮಾತು. ಹೊಸ ಪೆಟ್ಟಿಗೆ ಬಂದಾಗ ಅಂಗಡಿಗಳು ಲಾಟರಿ ಎತ್ತಿ ಕೊಡುತ್ತವೆ. ಕೆಲವರು ಮೇಲಿನ ಪ್ಲಾಸ್ಟಿಕ್ ಸುತ್ತನ್ನು ಅಲ್ಲೇ ಹರಿದು ಕೊಡುತ್ತಾರೆ, ಸೀಲ್ ಇಲ್ಲದಿದ್ದರೆ ದಲ್ಲಾಳಿಗೆ ಲಾಭ ಕಮ್ಮಿ ಎಂದು. ಈ ಉಪಾಯ ನನಗೆ ಬಹಳ ಹಿಡಿಸಿತು. ಆಡುವವನಿಗೆ ಆ ಸುತ್ತು ಹೇಗೂ ಕಸ.

ವ್ಯತ್ಯಾಸ ಇಷ್ಟೇ. ಇಲ್ಲಿ ಹುಚ್ಚು ಇಳಿದ ಮೇಲೂ ಮೇಜು ಇರುತ್ತದೆ. ಬೆಲೆ ಬಿದ್ದ ದಿನ ದಲ್ಲಾಳಿ ಮಾಯ, ಅಂಗಡಿಯ ಹಿಂದೆ ಆಡುವವರು ಹಾಗೇ ಆಡುತ್ತಿರುತ್ತಾರೆ. ಅವರಿಗಂತೂ ಬೆಲೆ ಬಿದ್ದರೆ ಹಬ್ಬ. ನಮ್ಮಲ್ಲಿ ಹುಚ್ಚು ಇಳಿದರೆ ಉಳಿಯುವುದು ಬಿಸ್ಕತ್ತಿನ ಡಬ್ಬಿ.

ಕಂಪನಿಗಳ ಮೇಲೂ ನನಗೆ ಪೂರ್ತಿ ನಂಬಿಕೆ ಇಲ್ಲ. ಕೆಲವೇ ತಿಂಗಳಿಗೊಮ್ಮೆ ಹೊಸ ಸರಣಿ, ಹಳೇ ಸರಣಿ ಪಂದ್ಯಕ್ಕೆ ನಡೆಯುವುದಿಲ್ಲ ಎಂಬ ನಿಯಮ. ಆಟ ಹಳಸಬಾರದು ಎಂದು ಹಾಗೆ ಮಾಡುತ್ತೇವೆ ಎನ್ನುತ್ತಾರೆ. ಅದರಲ್ಲಿ ಸತ್ಯ ಇದೆ. ಹೊಸತು ಕೊಳ್ಳಲೇಬೇಕು ಎಂಬ ಲೆಕ್ಕವೂ ಇದೆ. ಮನೆಯಲ್ಲಿ ಆಡುವವರಿಗೆ ಈ ತಲೆನೋವು ಬೇಡ. ಹಳೇ ಕಟ್ಟೇ ಸಾಕು. ಒಂದೆರಡು ಕಾರ್ಡ್ ಇಲ್ಲದಿದ್ದರೆ ಕಾಗದದಲ್ಲಿ ಬರೆದು ಕವರಿಗೆ ಹಾಕಿಕೊಂಡು ಆಡಿ, ಯಾರು ಕೇಳುತ್ತಾರೆ?

ಮಂಗಳೂರಿನಲ್ಲಿ ಆಟಿಕೆ ಅಂಗಡಿ ಇಟ್ಟಿರುವ ಗೆಳೆಯನಿಗೆ ಇದನ್ನೆಲ್ಲ ಹೇಳಿ, ಎರಡು ಮೇಜು ಹಾಕು ಎಂದೆ. ಅವನು ನಕ್ಕ. "ಇಲ್ಲಿಯ ಬಾಡಿಗೆ ನಿನಗೆ ಗೊತ್ತುಂಟಾ? ಮಕ್ಕಳು ಕೂತರೆ ಗಿರಾಕಿ ನಿಲ್ಲಲಿಕ್ಕೆ ಜಾಗ ಇಲ್ಲ" ಎಂದ. ಅವನು ಹೇಳುವುದೂ ಸರಿ. ಒಸುವಿನ ಅಂಗಡಿಯವನು ಬಿಡಿ ಕಾರ್ಡ್, ಕವರು, ಪೆಟ್ಟಿಗೆ ಮಾರಿ ಮೇಜಿನ ಖರ್ಚು ಹುಟ್ಟಿಸಿಕೊಳ್ಳುತ್ತಾನೆ. ಇಲ್ಲಿ ಆಡುವವರೇ ಇಲ್ಲದ ಮೇಲೆ ಬಿಡಿ ಕಾರ್ಡ್ ಯಾರಿಗೆ ಮಾರುವುದು? ಅಸಲಿ ಇಂಗ್ಲಿಷ್ ಪ್ಯಾಕ್ ತರಿಸಿದರೆ ಪಕ್ಕದ ಅಂಗಡಿಯ ಚಿನ್ನದ ಕಟ್ಟಿನ ಎದುರು ದುಬಾರಿ ಕಾಣುತ್ತದೆ. ಅಪ್ಪಂದಿರು, 'ಅಲ್ಲಿ 55 ಕೊಡ್ತಾರೆ, ನಿಮ್ಮಲ್ಲಿ ಹತ್ತೇ' ಎನ್ನುತ್ತಾರಂತೆ.

ಹಾಗಾಗಿ ಅಂಗಡಿಯವರ ದಾರಿ ಕಾದು ಕೂರುವುದು ಬೇಡ ಎನಿಸುತ್ತದೆ. ಮೇಜು ನಮ್ಮಲ್ಲಿ ಇಲ್ಲ ಎಂದಲ್ಲ. ಊರೂರಿಗೆ ಯುವಕ ಮಂಡಲ ಇದೆ, ಫ್ರೆಂಡ್ಸ್ ಕ್ಲಬ್ ಇದೆ, ಅದರೊಳಗೆ ಕೇರಂ ಬೋರ್ಡ್ ಇದೆ. ಕೇರಂ ಆಡುವ ಐವತ್ತರ ಗಂಡಸನ್ನು ನೋಡಿ ನಮ್ಮಲ್ಲಿ ಯಾರೂ ನಗುವುದಿಲ್ಲ. ಆಟಿ ತಿಂಗಳ ಮಳೆಯಲ್ಲಿ ಅಜ್ಜಿಯಂದಿರು ಚೆನ್ನೆಮಣೆ ಹಾಕಿಕೊಂಡು ಕೂರುತ್ತಿದ್ದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ, ಎದುರಿಗೆ ಮೊಮ್ಮಗಳು. ಲೆಕ್ಕ ತಪ್ಪಿದರೆ ಅಜ್ಜಿ ಬಿಡುತ್ತಿರಲಿಲ್ಲ. ಎದುರುಬದುರು ಕೂತು ತಲೆ ಓಡಿಸುವ ಆಟ ನಮಗೆ ಜಪಾನಿನಿಂದ ಬರಬೇಕಾಗಿಲ್ಲ. ಮಣಿಪಾಲದಲ್ಲಿ ಹೊರಗಿನಿಂದ ಬಂದ ಕಾಲೇಜು ಹುಡುಗರು ಇದ್ದಾರೆ, ಅವರಲ್ಲಿ ಈ ಆಟ ಬಲ್ಲವರೂ ಸಿಗಬಹುದು. ಭಾನುವಾರ ಬೆಳಿಗ್ಗೆ ಯುವಕ ಮಂಡಲದ ಕೋಣೆ ಹೇಗೂ ಖಾಲಿ, ಕೇರಂನವರು ಬರುವುದು ಹೊತ್ತೇರಿದ ಮೇಲೆ.

ಅಕ್ಕನಿಗೆ ಇದನ್ನು ಹೇಳಿದೆ. ಎರಡು ಕಟ್ಟು ಇದ್ದರೆ ನಾಲ್ಕು ಮಕ್ಕಳು ಸರದಿಯಲ್ಲಿ ಆಡಬಹುದು, ಆಡಲು ತಯಾರಾದ ಕಟ್ಟೇ ಸಿಗುತ್ತದೆ, ಪ್ಯಾಕ್ ಒಡೆಯುವ ಗೋಜೇ ಇಲ್ಲ, ಮುಂದಿನ ಸಲ ಬರುವಾಗ ನಾನೇ ತರುತ್ತೇನೆ ಎಂದೆ. ಅಕ್ಕ, "ತಾ, ಆದ್ರೆ ಶಾಲೆಗೆ ತಗೊಂಡು ಹೋಗ್ಲಿಕ್ಕಿಲ್ಲ, ಅಲ್ಲಿ ಟೀಚರ್ ಕಸಿದುಕೊಳ್ತಾರೆ" ಎಂದಳು. ಅಳಿಯ ಫೋನ್ ಕಸಿದುಕೊಂಡು, ಜಪಾನಿನ ಕಾರ್ಡ್ ಬೇಡ, ಇಂಗ್ಲಿಷಿನದ್ದೇ ಬೇಕು ಎಂದು ಹಟ ಹಿಡಿದ. ಜಪಾನಿನದ್ದು ಜಾಸ್ತಿ ಚೆಂದ ಹೊಳೆಯುತ್ತದೆ ಮಾರಾಯ ಎಂದು ನಾನು ಕೆಣಕಿದೆ.

"ಹೊಳೆದರೆ ಎಂಥ ಮಾವ? ಅದು ಎಂಥ ಮಾಡ್ತದೆ ಅಂತ ಓದ್ಲಿಕ್ಕೆ ಬರ್ಬೇಕಲ್ವಾ?"